ಗ್ರಹಣಕ್ಕೆ ಕೂರಿಸಿದ ದೊರೆ

ಒಬ್ಬ ಮನುಷ್ಯನ ಬಲಗಣ್ಣಿನ ನಡುವಿನ ಬೆಳಕು ಹೋಗಿದೆ. ಅದನ್ನು ತೆಗೆದವಳು ನಾನು — ಅಥವಾ ತೆಗೆದೆನೋ ಇಲ್ಲವೋ, ಇಷ್ಟು ವರ್ಷ ಯೋಚಿಸಿದರೂ ನನಗೆ ಬಗೆಹರಿದಿಲ್ಲ. ಇಷ್ಟು ಮಾತ್ರ ಖಂಡಿತ: ನಮ್ಮ ಮನೆಯ ಮೇಲೆ ಬರಲಿದೆ ಎಂದು ನಾನು ಹೆದರಿದ್ದ ಗ್ರಹಣದ ಕೆಡುಕನ್ನು, ಅವರಿಗೆ ತಿಳಿಯದ ಹಾಗೆ, ಹಬ್ಬದ ಉಡುಗೊರೆಯ ಹೆಸರಿನಲ್ಲಿ ಅವರ ಕೈಗೆ ದಾಟಿಸಿದೆ. ಅವರು ನಗುತ್ತಾ ತೆಗೆದುಕೊಂಡರು. ಕಣ್ಣಿಗೊತ್ತಿಕೊಂಡರು.

ನಾನು ಬರೆದು ಅಭ್ಯಾಸವಿದ್ದವಳಲ್ಲ. ಶ್ರೀರಂಗಪಟ್ಟಣದ ಕೋಟೆಯೊಳಗೆ, ರಂಗನಾಥನ ಗುಡಿಯ ಗಂಟೆ ಕೇಳುವಷ್ಟು ಹತ್ತಿರದಲ್ಲಿ ಮನೆ. ಸಂಜೆ ದೀಪ ಹಚ್ಚಿದ ಮೇಲೆ ಆ ದಿನ ದೇವರು ಕೊಟ್ಟದ್ದನ್ನು ಒಂದೊಂದಾಗಿ ನೆನೆಯುತ್ತೇನೆ — ನಲ್ಲಿಯಲ್ಲಿ ನೀರು ಬಂತು, ಹಾಲು ಒಡೆಯಲಿಲ್ಲ, ಇವರಿಗೆ ಪಾಂಡವಪುರದ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ನಮ್ಮತ್ತೆ ಹೇಳಿಕೊಟ್ಟ ಪಾಠ ಅದು. ದೊಡ್ಡದನ್ನು ಕೇಳಬೇಡ, ಸಣ್ಣದನ್ನು ಮರೆಯಬೇಡ ಎನ್ನುತ್ತಿದ್ದರು.

ಇವರು ಎಂದರೆ ನಮ್ಮ ಯಜಮಾನರು. ಪಾಂಡವಪುರದ ಒಂದು ಕಚೇರಿಯಲ್ಲಿ ಗುಮಾಸ್ತರು. ತೊಂಬತ್ತನಾಲ್ಕರ ಮಳೆಗಾಲದಲ್ಲಿ ಎದೆಯಲ್ಲಿ ನೀರು ತುಂಬಿಕೊಂಡು ಇವರನ್ನು ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿಸಬೇಕಾಯಿತು. ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದರು, ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರು. ಬದುಕಿ ಬಂದರು. ಆದರೆ ಅಲ್ಲಿಂದಾಚೆಗೆ ಇವರು ಒಂದು ಸಲ ಕೆಮ್ಮಿದರೆ ಅಡುಗೆಮನೆಯಲ್ಲಿ ನನ್ನ ಕೈಯಲ್ಲಿದ್ದ ಸೌಟು ನಿಂತುಬಿಡುತ್ತಿತ್ತು. ಆ ಭಯ ಎಂಥದೆಂದರೆ — ಬೇಡ. ಭಯವನ್ನು ವರ್ಣಿಸುತ್ತಾ ಹೋದರೆ ಅದು ನೆಪ ಹೇಳಿದ ಹಾಗಾಗುತ್ತದೆ.

ಅದೇ ವರ್ಷ ನಮ್ಮ ಹೊರಕೋಣೆಗೆ ಬಾಡಿಗೆಗೆ ಬಂದವರು ಮರಿಗೌಡ ಮೇಷ್ಟ್ರು. ನಾಗಮಂಗಲದ ಕಡೆಯ ಹಳ್ಳಿಯವರು, ಬೇಸಾಯದ ಮನೆತನ. ಹೆಂಡತಿ ಊರಿನಲ್ಲಿ ಹಸು, ಹೊಲ ನೋಡಿಕೊಂಡಿದ್ದರು. ಮೇಷ್ಟ್ರು ಪಾಂಡವಪುರದ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಡುತ್ತಿದ್ದರು. ಬೆಳಿಗ್ಗೆ ಇಬ್ಬರು ಗಂಡಸರಿಗೂ ಒಂದೇ ಬಸ್ಸು. ಊರಿಂದ ಬರುವಾಗಲೆಲ್ಲ ಮೇಷ್ಟ್ರು ನನಗೆ ಅವರೆಕಾಯಿಯನ್ನೋ ಬೆಣ್ಣೆಯನ್ನೋ ತಂದುಕೊಡುತ್ತಿದ್ದರು. ಮೊದಲ ದಿನವೇ "ಅಕ್ಕಾ" ಎಂದರು.

"ನಮ್ಮಟ್ಟೀಲಿ ಬರೀ ಗಂಡುಮಕ್ಳೇ ಕಣಕ್ಕಾ. ನಮ್ಮವ್ವ ಒಂದು ಹೆಣ್ಣು ಬೇಕು ಅಂತ ಅರಕೆ ಮ್ಯಾಲೆ ಅರಕೆ ಒತ್ಕಂಡ್ಳು, ಕೊನೇಗೆ ನಾನು ಉಟ್ಟಿದ್ದು. ಗೌರಿಹಬ್ಬ ಬಂದ್ರೆ ಬಾಗಿನ ಕೊಡಾಕೆ ಒಬ್ಬ ಅಕ್ಕ ಇಲ್ಲ, ತಂಗಿ ಇಲ್ಲ," ಎಂದಿದ್ದರು.

ಸಂಜೆ ಜಗಲಿಯ ಮೇಲೆ ಇವರೂ ಮೇಷ್ಟ್ರೂ ಎಲೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದರು. ನಾನು ಬಾಗಿಲ ಒಳಗೆ ಅಕ್ಕಿ ಆರಿಸುತ್ತಲೋ ಹೂ ಕಟ್ಟುತ್ತಲೋ ಕಿವಿಗೊಡುತ್ತಿದ್ದೆ. ಮೇಷ್ಟ್ರಿಗೆ ಅಸ್ಸೀರಿಯಾ, ಅಕ್ಕಾಡಿನ ಕಡೆಯ ಸಾವಿರಾರು ವರ್ಷ ಹಿಂದಿನ ದೊರೆಗಳೆಂದರೆ ಹುಚ್ಚು. ಪಠ್ಯಪುಸ್ತಕದಲ್ಲಿ ಅವರದು ಎರಡೇ ಪುಟವಂತೆ, ಮೇಷ್ಟ್ರು ಅದನ್ನು ಎರಡು ವಾರ ಎಳೆಯುತ್ತಿದ್ದರಂತೆ. ಆ ಹೆಸರುಗಳೆಲ್ಲ ನನಗೆ ಮೊದಮೊದಲು ಔಷಧಿಯ ಹೆಸರುಗಳ ಹಾಗೆ ಕೇಳುತ್ತಿದ್ದವು. ಹೋಗುತ್ತಾ ಹೋಗುತ್ತಾ ನೆಂಟರ ಹೆಸರುಗಳ ಹಾಗಾದವು. ಅಕ್ಕಾಡಿನ ಸಾರ್ಗಾನನನ್ನು ಹೆತ್ತ ತಾಯಿ ಬುಟ್ಟಿಯಲ್ಲಿಟ್ಟು ಹೊಳೆಗೆ ಬಿಟ್ಟಳಂತೆ, ನೀರು ಸೇದುವವನೊಬ್ಬ ಎತ್ತಿ ಸಾಕಿದನಂತೆ. "ನಮ್ಮ ಕರ್ಣನ ಕಥೆಯಲ್ಲವೇ" ಎಂದು ನಾನು ಒಳಗಿನಿಂದಲೇ ಕೇಳಿದ್ದೆ. "ಕರ್ಣನೇ ಕಣಕ್ಕಾ, ಆದ್ರೆ ಇವ್ನು ಸೋಲ್ಲಿಲ್ಲ," ಎಂದಿದ್ದರು. ಅಶುರ್‌ಬನಿಪಾಲ ಎಂಬವನು ಸಿಂಹದ ಬೇಟೆಯಾಡುತ್ತಿದ್ದ, ಮಣ್ಣಿನ ಹಲಗೆಗಳ ಮೇಲೆ ಬರೆಸಿ ದೊಡ್ಡ ಪುಸ್ತಕಭಂಡಾರ ಕಟ್ಟಿದ. ಶತ್ರುಗಳು ಬೆಂಕಿಯಿಟ್ಟರೆ ಆ ಹಲಗೆಗಳು ಸುಟ್ಟು ಇಟ್ಟಿಗೆಯಂತೆ ಗಟ್ಟಿಯಾಗಿ ಉಳಿದುಕೊಂಡವಂತೆ. "ಸುಟ್ಟವ್ನೇ ಉಳ್ಸಿದ ನೋಡಿ ರಾಯರೇ!" ಎಂದು ಮೇಷ್ಟ್ರು ತೊಡೆ ತಟ್ಟಿ ನಗುತ್ತಿದ್ದರು.

"ಅವ್ರದ್ದೂ ಎರಡು ಒಳೆ ನಡುವಿನ ನಾಡು, ನಮ್ದೂ ಎರಡು ಒಳೆ ನಡುವಿನ ಪಟ್ಣ. ಅವ್ರು ರಾಜ್ಯ ಕಟ್ಟಿದ್ರು, ನಾವು ತಿಂಗ್ಳಾ ತಿಂಗ್ಳಾ ಬಾಡಿಗೆ ಕಟ್ತಾ ಕೂತಿದೀವಿ."

"ಕಟ್ಟೋದೆಲ್ಲಿ ಗೌಡ್ರೇ, ಹೋದ ತಿಂಗಳದ್ದು ಇನ್ನೂ ಬಂದಿಲ್ಲ," ಎಂದು ಇವರು.

ಹೀಗೆ ನಗುತ್ತಿದ್ದ ಮನೆ ಅದು.

ತೊಂಬತ್ತೈದನೇ ಇಸವಿಯ ದೀಪಾವಳಿ ಅಮಾವಾಸ್ಯೆಯ ಬೆಳಿಗ್ಗೆ ಸೂರ್ಯಗ್ರಹಣ ಬಂದದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಹಬ್ಬಕ್ಕೆ ಮುಂಚಿನಿಂದಲೂ ಊರಿನಲ್ಲಿ ಅದೇ ಮಾತು. ಚಿತ್ತಾ, ಸ್ವಾತಿ ನಕ್ಷತ್ರದವರಿಗೆ, ತುಲಾರಾಶಿಯವರಿಗೆ ಒಳ್ಳೆಯದಲ್ಲ ಎಂದು ಪಂಚಾಂಗದಲ್ಲಿತ್ತು. ಇವರದು ತುಲಾರಾಶಿ, ಸ್ವಾತಿ ನಕ್ಷತ್ರ.

ನಾನು ನಮ್ಮ ಜೋಯಿಸರ ಮನೆಗೆ ಓಡಿದೆ. ಉದ್ದು, ಎಳ್ಳು, ಗೋಧಿ, ಬಟ್ಟೆ — ಎಲ್ಲವನ್ನೂ ದಾನ ಕೊಡುತ್ತೇನೆ, ನೀವೇ ತೆಗೆದುಕೊಳ್ಳಬೇಕು ಎಂದು ಕೇಳಿಕೊಂಡೆ. ಅವರು ಕನ್ನಡಕ ತೆಗೆದು ಒರೆಸಿದರು.

"ನೋಡಮ್ಮ, ಗ್ರಹಣದ ದಾನ ಹಿಡಿಯೋದು ಹುಡುಗಾಟ ಅಲ್ಲ. ಕೊಟ್ಟೋರ ದೋಷ ತಗೊಂಡೋರಿಗೆ ಬರುತ್ತೆ. ಅದನ್ನ ಜೀರ್ಣ ಮಾಡ್ಕೊಳ್ಳೋಷ್ಟು ಜಪ ನನ್ನ ಹತ್ರ ಇಲ್ಲ, ನನಗೂ ಮಕ್ಕಳು ಮರಿ ಇದ್ದಾರೆ. ಗ್ರಹಣ ಬಿಟ್ಟು ಮೋಕ್ಷ ಆದ್ಮೇಲೆ ಕಾವೇರಿಗೆ ಬಿಟ್ಟು ಸ್ನಾನ ಮಾಡಿ. ಇಲ್ಲಾ, ಹಸುವಿಗೆ ತಿನ್ನಿಸಿ. ಸಾಕು."

ಸಾಕು ಎಂದರು. ಕಾವೇರಿ ನಮ್ಮ ಮನೆಯಿಂದ ಎಷ್ಟು ದೂರ? ಅಕ್ಕಿಗೆ ಎಸರಿಟ್ಟು ಹೋಗಿ ಮುಳುಗಿ ಬರುವಷ್ಟು. ಆ ಸುಲಭದ ದಾರಿ ನನ್ನ ಮುಂದೆ ಬಿದ್ದಿತ್ತು. ಆದರೆ ಜೋಯಿಸರೇ ಹೆದರುವಷ್ಟು ದೊಡ್ಡದಾದ ಕೆಡುಕು ಹಸುವಿನ ಬಾಯಿಗೆ ಹಿಡಿ ಉದ್ದು ಹಾಕಿದರೆ ಹೋಗುತ್ತದೆಯೇ — ಹಾಗೆಂದುಕೊಂಡು ಮನೆಗೆ ಬಂದೆ. ಆ ಸಂಜೆಯೇ ಮೇಷ್ಟ್ರು ಜಗಲಿಯ ಮೇಲೆ ಎಸರ್‌ಹದ್ದೋನನ ಕಥೆ ತೆಗೆದರು. ಬೇರೆ ಯಾವ ದಿನವಾದರೂ ಅದನ್ನು ಕೇಳಿ ಮರೆಯುತ್ತಿದ್ದೆ.

ಎಸರ್‌ಹದ್ದೋನ ಅಸ್ಸೀರಿಯಾದ ದೊಡ್ಡ ದೊರೆ. ಈಜಿಪ್ಟನ್ನೇ ಗೆದ್ದವನು. ಆದರೆ ರೋಗಿಷ್ಠ. ಗ್ರಹಣವೆಂದರೆ ಗಡಗಡ ನಡುಗುತ್ತಿದ್ದನಂತೆ. ಇಂಥ ಗ್ರಹಣ ರಾಜನ ಜೀವಕ್ಕೆ ಕೇಡು ಎಂದು ಜೋಯಿಸರು ಹೇಳಿದರೆ ಸಾಕು, ಯಾರಾದರೂ ಒಬ್ಬ ಪಾಪದವನನ್ನು ಹಿಡಿದು ತರುತ್ತಿದ್ದರು. ಅವನಿಗೆ ರಾಜನ ಬಟ್ಟೆ ತೊಡಿಸಿ, ರಾಜನ ಪೀಠದ ಮೇಲೆ ಕೂರಿಸಿ, ರಾಜನ ಊಟ ಬಡಿಸುತ್ತಿದ್ದರು. ಕೆಡುಕು ಬಂದು ನೋಡಿದಾಗ ಪೀಠದ ಮೇಲಿರುವವನೇ ರಾಜ, ಅವನಿಗೇ ತಗಲಿಕೊಳ್ಳುತ್ತದೆ. ಗಡುವು ಮುಗಿದ ಮೇಲೆ ಅವನನ್ನು ಕೊಂದು ರಾಜಮರ್ಯಾದೆಯಿಂದ ಮಣ್ಣು ಮಾಡುತ್ತಿದ್ದರಂತೆ.

"ಅಲ್ಲೀವರೆಗೂ ನಿಜವಾದ ದೊರೆ ಎಲ್ಲಿರ್ತಾನೆ?" ಎಂದರು ಇವರು.

"ಒಳಗೇ ಇರ್ತಾನೆ ರಾಯರೇ. ಆದ್ರೆ ಅವನ್ನ ದೊರೆ ಅನ್ನಂಗಿಲ್ಲ. ಕಾಗ್ದ ಬರದ್ರೆ 'ರೈತನ ಸನ್ನಿಧಾನಕ್ಕೆ' ಅಂತ ಬರೀಬೇಕು! ನೋಡಿ, ಅಂಥ ದೊರೆಗೂ ಜೀವ ಉಳ್ಕಬೇಕಾದ್ರೆ ನಮ್ಮಂಗೆ ಬೇಸಾಯದೋನಾಗ್ಬೇಕಾಯ್ತು."

"ಯಾವ ಬದಲಿಯೂ ಬದುಕಲೇ ಇಲ್ವೇ?"

"ಒಬ್ನು ಬದುಕ್ದ. ಇವರಿಗಿಂತ ಅದೆಷ್ಟೋ ಮುಂಚಿನ ಕಾಲದಲ್ಲಿ ಒಬ್ಬ ತೋಟದೋನ್ನ ಕೂರಿಸಿದ್ರಂತೆ. ಅಷ್ಟ್ರಲ್ಲಿ ನಿಜವಾದ ರಾಜ್ನೇ ಬಿಸಿ ಬಿಸಿ ಗಂಜಿ ಕುಡ್ದು ಗೊಟಕ್ ಅಂದ್ಬುಟ್ಟ! ತೋಟದೋನು ಎದ್ದೇಳ್ಲಿಲ್ಲ, ಅಂಗೇ ರಾಜನಾಗಿ ಉಳ್ಕಂಡ."

ಇವರು ನಕ್ಕು ನಕ್ಕು ಕೆಮ್ಮಿದರು. ನನ್ನ ಕೈ ನಿಂತಿತು.

ಒಳಗಿನಿಂದ ನಾನು ಕೇಳಿದೆ — "ಮೇಷ್ಟ್ರೇ, ಹಾಗೆ ಕೂರಿಸಿದಾಗ ಆ ಬದಲಿ ಮನುಷ್ಯನಿಗೆ ಗೊತ್ತಿರ್ತಿತ್ತೇ?"

"ಗೊತ್ತಿದ್ರೆ ಯಾವನಕ್ಕಾ ಕೂತ್ಕತಾನೆ? ಒಳ್ಳೆ ಬಟ್ಟೆ, ಒಳ್ಳೆ ಊಟ ಕೊಟ್ಟು ಬಾಪ್ಪಾ ಅಂದ್ರೆ ಯಾವನು ಬ್ಯಾಡ ಅಂತಾನೆ?"

ಅವರು ತಮಾಷೆಗೆ ಹೇಳಿದರು. ನಾನು ಅಕ್ಕಿಯ ಮೊರ ಕೆಳಗಿಟ್ಟೆ.

ಆಗ ನಾನು ಏನನ್ನು ಯೋಚಿಸಿದೆ ಎಂದು ಈಗ ಸರಿಯಾಗಿ ಹೇಳಲಾರೆ. ನಿರ್ಧಾರ ಮಾಡಿದೆ ಎನ್ನುವ ಹಾಗೂ ಇಲ್ಲ. ಮಾಡಲಿಲ್ಲ ಎನ್ನುವ ಹಾಗೂ ಇಲ್ಲ. ಮಾರನೆಯ ದಿನ ಬಟ್ಟೆ ಅಂಗಡಿಗೆ ಹೋಗಿ ಇವರಿಗೆಂದು ಒಂದು ಜರಿಯಂಚಿನ ಪಂಚೆ, ಒಂದು ಶಲ್ಯ ತಂದೆ. ಇವರಿಗೆಂದೇ ತಂದೆ. ದೇವರ ಮುಂದಿಟ್ಟು ಇವರ ಹೆಸರು, ನಕ್ಷತ್ರ, ರಾಶಿ ಹೇಳಿ ಅರಿಶಿನ ಹಚ್ಚಿದೆ. ಆಮೇಲೆ ಅದರೊಳಗೆ ಉದ್ದು, ಎಳ್ಳು, ಗೋಧಿಯ ಗಂಟನ್ನು ಮಡಿಸಿಟ್ಟೆ.

ನರಕಚತುರ್ದಶಿಯ ದಿನ ಮೇಷ್ಟ್ರು ಊರಿಗೆ ಹೋಗಿರಲಿಲ್ಲ. ಮಾರನೆಯ ಬೆಳಿಗ್ಗೆ ಜೊತೆಯ ಮೇಷ್ಟ್ರುಗಳೊಡನೆ ಕರಿಘಟ್ಟ ಹತ್ತಿ ಗ್ರಹಣ ನೋಡಿಕೊಂಡು, ಅಲ್ಲಿಂದಲೇ ಹಬ್ಬಕ್ಕೆ ಊರಿಗೆ ಹೊರಡುವವರಿದ್ದರು. ನಾನು ಅವರನ್ನು ಊಟಕ್ಕೆ ಕರೆದೆ.

ಇಲ್ಲಿ ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಒಂದು ವರ್ಷಕ್ಕೂ ಮೇಲಾಗಿ ನಮ್ಮ ಮನೆಯಲ್ಲಿದ್ದರೂ ಮೇಷ್ಟ್ರು ಒಮ್ಮೆಯೂ ಊಟದ ಮನೆಯೊಳಗೆ ಎಲೆಯ ಮುಂದೆ ಕೂತಿರಲಿಲ್ಲ. ಹಬ್ಬದ ಅಡುಗೆಯನ್ನು ನಾನು ಅವರ ಕೋಣೆಗೇ ತಟ್ಟೆಯಲ್ಲಿ ಕೊಟ್ಟುಬರುತ್ತಿದ್ದೆ. ಅತ್ತೆಯ ಕಾಲದಿಂದ ಬಂದ ಕ್ರಮ. ಅವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಆ ದಿನ ಅವರನ್ನು ಒಳಗೆ ಕರೆದು, ಇವರು ದಿನಾ ಕೂರುವ ಮಣೆಯ ಮೇಲೆ ಕೂರಿಸಿ, ಇವರಿಗಿಂತ ಮೊದಲು ಒಬ್ಬಟ್ಟು ಬಡಿಸಿದೆ. ಇವರು ಆಶ್ಚರ್ಯದಿಂದ ನನ್ನನ್ನು ನೋಡಿದರು. ಆಮೇಲೆ ಸಂತೋಷಪಟ್ಟರು. "ಈಗಲಾದ್ರೂ ನಿನಗೆ ಬುದ್ಧಿ ಬಂತಲ್ಲ," ಎಂದು ಪಕ್ಕದಲ್ಲಿ ಚಾಪೆಯ ಮೇಲೆ ಕೂತರು.

ಮೇಷ್ಟ್ರು ತಲೆ ತಗ್ಗಿಸಿ ಊಟ ಮಾಡಿದರು. ಎಲೆಯಲ್ಲಿ ಒಂದು ಅಗುಳೂ ಬಿಡಲಿಲ್ಲ.

ಊಟವಾದ ಮೇಲೆ ಪಂಚೆ, ಶಲ್ಯ, ಗಂಟು ಎಲ್ಲವನ್ನೂ ತಟ್ಟೆಯಲ್ಲಿಟ್ಟು ಕೊಟ್ಟೆ. ನಗುತ್ತಾ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು, ಉಟ್ಟುಕೊಂಡು ಬಂದರು. ತೀರ್ಥ ತೆಗೆದುಕೊಳ್ಳಿ ಎಂದೆ. ಅಂಗೈ ಒಡ್ಡಿದರು. ದಾನಕ್ಕೆ ಧಾರೆಯ ನೀರು ಬಿಡಬೇಕು — ಅವರ ಕೈಯ ಮೇಲೆ ನಾನು ಬಿಟ್ಟದ್ದು ತೀರ್ಥವಲ್ಲ, ಧಾರೆ. ಮನಸ್ಸಿನೊಳಗೆ "ನ ಮಮ" ಎಂದೆ. ಇದು ನನ್ನದಲ್ಲ.

ಮೇಷ್ಟ್ರು ಅದನ್ನು ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡರು.

"ಅಕ್ಕಾ, ನಮ್ಮವ್ವನಿಗೆ ಏಳ್ತೀನಿ. ನಂಗೂ ಅಬ್ಬಕ್ಕೆ ಬಟ್ಟೆ ಕೊಡೋ ಒಬ್ಳು ಅಕ್ಕ ಸಿಕ್ಕವ್ಳೆ ಅಂತ," ಎಂದರು.

ನಾನು ನಕ್ಕೆ. ಹೌದು, ನಕ್ಕೆ.

ಅಮಾವಾಸ್ಯೆಯ ಬೆಳಿಗ್ಗೆ ಹೊರಡುವ ಮುಂಚೆ ಮೇಷ್ಟ್ರು ಇವರನ್ನೂ ಕರೆದರು. "ಬನ್ನಿ ರಾಯರೇ, ಇಂಥದ್ದು ಮತ್ತೆ ಸಿಗಕ್ಕಿಲ್ಲ." ಇವರಿಗೂ ಆಸೆ. ನಾನು ಬಾಗಿಲಿಗೆ ಅಡ್ಡ ನಿಂತೆ. ಮೇಷ್ಟ್ರ ಹತ್ತಿರ ಇದ್ದ ಗ್ರಹಣದ ಕನ್ನಡಕ ಒಂದೇ, ಅದನ್ನೂ ಜೊತೆಯವರಿಗೆ ಕೊಟ್ಟಿದ್ದರಂತೆ. "ಹಳೇ ಎಕ್ಸ್‌ರೇ ಆಳೆ ಏನಾರ ಇದ್ರೆ ಕೊಡಿ ಅಕ್ಕಾ, ಕಣ್ಣಿಗೆ ಅಡ್ಡ ಇಟ್ಕತೀನಿ," ಎಂದರು.

ಹಿಂದಿನ ದಿನ ರೇಡಿಯೋದಲ್ಲಿ ಹೇಳಿದ್ದರು — ಎಕ್ಸ್‌ರೇ ಹಾಳೆ ಸಾಲದು, ಅದನ್ನು ನಂಬಿ ಸೂರ್ಯನನ್ನು ನೋಡಬೇಡಿ ಎಂದು. ನಾನು ಹೂರಣ ರುಬ್ಬುತ್ತಿದ್ದೆ. ಕೇಳಿಸಿಕೊಂಡಿದ್ದೆ.

ಗೂಡಿನಲ್ಲಿದ್ದ ಇವರ ಎದೆಯ ಎಕ್ಸ್‌ರೇ ತೆಗೆದು ಕೊಟ್ಟೆ. ಕೊಡುವಾಗ ರೇಡಿಯೋದ ಮಾತು ನೆನಪಿತ್ತೋ ಇಲ್ಲವೋ — ಇಲ್ಲಿಯೇ ನನಗೆ ಕಾಲು ಜಾರುತ್ತದೆ. ಮರೆತಿದ್ದೆ ಎಂದು ಕೆಲವು ದಿನ ಅನ್ನಿಸುತ್ತದೆ. ಮರೆತವಳ ಹಾಗೆ ಮಾಡಿದೆ ಎಂದು ಕೆಲವು ದಿನ. ನಾಲಿಗೆಯ ತುದಿಗೆ ಬಂದ ಯಾವುದೋ ಮಾತನ್ನು ನುಂಗಿದ್ದು ಮಾತ್ರ ನೆನಪಿದೆ. ಅದರ ಬದಲು ಬಾಯಿಂದ ಬಂದ ಮಾತು ಇದು:

"ನೀವೇ ನೋಡ್ಬಿಡಿ ಮೇಷ್ಟ್ರೇ. ಇವರ ಪಾಲಿಂದೂ ನೀವೇ ನೋಡ್ಬಿಡಿ."

"ಆಯ್ತು ಬುಡಿ, ಎರಡು ಪಾಲು ನೋಡ್ತೀನಿ," ಎಂದು ಹೊಸ ಪಂಚೆಯನ್ನು ಎತ್ತಿ ಕಟ್ಟಿ ಸೈಕಲ್ ಹತ್ತಿದರು.

ನನ್ನ ಗಂಡನ ಪಕ್ಕೆಲುಬುಗಳನ್ನು ಕಣ್ಣಿಗೆ ಅಡ್ಡ ಹಿಡಿದು ಆ ಮನುಷ್ಯ ಕರಿಘಟ್ಟದ ಮೇಲೆ ಸೂರ್ಯನನ್ನು ನೋಡಿದರು. ಒಂದು ಕಣ್ಣು ಮುಚ್ಚಿಕೊಂಡು, ಬಲಗಣ್ಣಿನಲ್ಲಿ, ಹೇಳಿದ ಮಾತು ನಡೆಸುವವರ ಹಾಗೆ — ಬಹಳ ಹೊತ್ತು. ನಾನು ಕದ ಹಾಕಿಕೊಂಡು, ಇವರನ್ನು ದೇವರ ಮನೆಯಲ್ಲಿ ಕೂರಿಸಿ, ವಿಷ್ಣು ಸಹಸ್ರನಾಮ ಹೇಳುತ್ತಿದ್ದೆ.

ಹಬ್ಬ ಕಳೆದು ಊರಿಂದ ಬಂದ ಮೇಷ್ಟ್ರು ತರಗತಿಯಲ್ಲಿ ಪುಸ್ತಕ ತೆರೆದರೆ ಸಾಲಿನ ನಡುವೆ ಅಕ್ಷರಗಳು ಇರಲಿಲ್ಲವಂತೆ. ಸುತ್ತ ಎಲ್ಲಾ ಕಾಣುತ್ತದೆ, ನೋಡಬೇಕೆಂದ ಜಾಗವೇ ಕಾಣುವುದಿಲ್ಲ. "ದೃಷ್ಟಿ ಇಟ್ಟ ಕಡೆ ಒಂದು ಕರೀ ಬೊಟ್ಟು ಕಣಕ್ಕಾ, ಮಗೀಗೆ ಇಡೋ ಅಂಗೆ," ಎಂದರು. ಇವರೇ ಮೈಸೂರಿಗೆ ಕರೆದುಕೊಂಡು ಹೋದರು. ಒಳಗೆ ಸುಟ್ಟಿದೆ, ತಾನಾಗಿ ಸರಿಯಾದರೆ ಆಗಬೇಕು ಎಂದರಂತೆ ಡಾಕ್ಟರು. ಸರಿಯಾಗಲಿಲ್ಲ. ಎಡಗಣ್ಣಿನಲ್ಲಿ ಓದಬಲ್ಲರು, ಆದರೆ ಸ್ವಲ್ಪ ಹೊತ್ತಿಗೆ ತಲೆನೋವು. ಆ ದೊರೆಗಳ ವಿಷಯ ಮಕ್ಕಳಿಗಾಗಿ ಬರೆಯಬೇಕೆಂದು ಅಂದುಕೊಂಡಿದ್ದರು, ಅದು ಅಲ್ಲಿಗೇ ನಿಂತಿತು. ಮರುವರ್ಷ ವರ್ಗ ಮಾಡಿಸಿಕೊಂಡು ಊರ ಹತ್ತಿರದ ಶಾಲೆಗೆ ಹೋದರು.

ಹೋದವರು ನಮ್ಮನ್ನು ಬಿಡಲಿಲ್ಲ. ಪ್ರತಿ ದೀಪಾವಳಿಗೆ ಬಂದರು. ಆಲೆಮನೆಯ ಹೊಸ ಬೆಲ್ಲ ಹಿಡಿದುಕೊಂಡು, ಅದೇ ಜರಿಯಂಚಿನ ಪಂಚೆ ಉಟ್ಟುಕೊಂಡು. ಬೀದಿಯಲ್ಲಿ ಸಿಕ್ಕವರಿಗೆಲ್ಲ "ಇದು ನಮ್ಮಕ್ಕ ಕೊಟ್ಟಿದ್ದು" ಎನ್ನುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದೆ.

ಇವರು ಗುಂಡುಕಲ್ಲಿನ ಹಾಗಿದ್ದಾರೆ. ಕೆಮ್ಮು ಹೋಯಿತು, ಮೈ ಹಿಡಿಯಿತು. ಸಂಜೆ ದೀಪದ ಮುಂದೆ ಕೂತು ದೇವರು ಕೊಟ್ಟದ್ದನ್ನು ನೆನೆಯುತ್ತಾ ಬಂದರೆ — ನೀರು ಬಂತು, ಹಾಲು ಉಳಿಯಿತು — ಇವರ ಹೆಸರಿಗೆ ಬಂದು ನಿಲ್ಲುತ್ತೇನೆ. ನನ್ನ ದಾನ ಫಲಿಸಿತು ಎಂದುಕೊಂಡರೆ ಮೇಷ್ಟ್ರ ಕಣ್ಣು ತೆಗೆದವಳು ನಾನು. ಫಲಿಸಲಿಲ್ಲ, ಅದೆಲ್ಲ ಸುಳ್ಳು, ಇವರು ಬದುಕಿದ್ದು ಮೈಸೂರಿನ ಮಾತ್ರೆಯಿಂದ ಎಂದುಕೊಂಡರೆ — ಹಾಗಾದರೆ ನಾನು ಇಷ್ಟು ದಿನ ಕೈಮುಗಿದದ್ದು ಯಾವುದಕ್ಕೆ? ಮತ್ತು ಆಗಲೂ ಎಕ್ಸ್‌ರೇ ಹಾಳೆ ಕೊಟ್ಟ ಕೈ ನನ್ನದೇ. ಯಾವ ದಾರಿ ಹಿಡಿದರೂ ಅದು ತಿರುಗಿ ನಮ್ಮ ಹೊಸಿಲಿಗೇ ಬರುತ್ತದೆ. ದೇವರನ್ನು ಕೇಳಿದೆ. ರಂಗನಾಥ ಮಲಗಿಯೇ ಇದ್ದಾನೆ. ಹಾಗೆನ್ನಬಾರದು, ತಪ್ಪಾಯಿತು.

ಈ ವರ್ಷ, ತೊಂಬತ್ತೊಂಬತ್ತರ ಆಗಸ್ಟಿನಲ್ಲಿ, ಮತ್ತೆ ಗ್ರಹಣ ಬಂತು. ಈ ಸಲ ಸಂಜೆ. ಎದುರುಮನೆಯಾಕೆ ಬಂದು, ಗಂಡನ ನಕ್ಷತ್ರ ಹೇಳಿ, "ದಾನ ತಗೊಳ್ಳೋರು ಯಾರಾದ್ರೂ ಗೊತ್ತಾ" ಎಂದು ಕೇಳಿದಳು. "ಹೊಳೆಗೆ ಬಿಡಮ್ಮ, ಮನುಷ್ಯರಿಗೆ ಬೇಡ," ಎಂದೆ. ಆ ವಾರವೇ ನಾಗಮಂಗಲದ ಬಸ್ಸು ಹತ್ತಿದೆ. ಇವರಿಗೆ ಮೇಷ್ಟ್ರನ್ನು ನೋಡಿ ಬರುತ್ತೇನೆ ಎಂದಷ್ಟೇ ಹೇಳಿದೆ. "ಬಾಡಿಗೆ ಬಾಕಿ ಇದೆ ಅಂತ ನೆನಪು ಮಾಡು," ಎಂದು ನಕ್ಕರು.

ಮೇಷ್ಟ್ರು ಹಟ್ಟಿಯ ಮುಂದೆ ಕೂತು, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಂಡು ಪೇಪರು ಓದುತ್ತಿದ್ದರು. ನನ್ನನ್ನು ಕಂಡು ಎದ್ದರು. "ಲೇ ಸಾವಿತ್ರೀ, ಬಾರಮ್ಮೀ ಇಲ್ಲಿ, ಯಾರು ಬಂದವ್ರೆ ನೋಡು! ಪಟ್ಣದಿಂದ ಅಕ್ಕ ಬಂದವ್ರೆ!" ಅವರ ಹೆಂಡತಿ ಸೆರಗಿಗೆ ಕೈ ಒರೆಸುತ್ತಾ ಓಡಿಬಂದು, ನೀರು ಕೊಟ್ಟು, ಕಾಫಿಗೆ ಒಳಗೆ ಹೋದರು.

ನಾನು ಕೂರಲಿಲ್ಲ. ಕೂತರೆ ಹೇಳಲಾರೆ ಎನಿಸಿತು. ಜೋಯಿಸರ ಮಾತಿನಿಂದ ಹಿಡಿದು ಧಾರೆಯ ನೀರಿನವರೆಗೆ ನಿಂತೇ ಹೇಳಿದೆ. ಅವರು ಮೊದಲು ಗಟ್ಟಿಯಾಗಿ ನಕ್ಕರು.

"ಅಯ್ಯೋ, ಅಷ್ಟಕ್ಕೆ ಬಸ್‌ಚಾರ್ಜು ಕೊಟ್ಟು ಬಂದ್ರಾ? ಆ ಉದ್ದಲ್ಲಿ ನಮ್ಮೋಳು ವಡೆ ಮಾಡಿದ್ಲು ಕಣಕ್ಕಾ, ಇಡೀ ಕೇರಿ ತಿಂತು! ಅಂಗಾರೆ ದೋಸನೂ ಕೇರಿಗೆಲ್ಲ ಹಂಚೋಯ್ತು ಬುಡಿ. ನನ್ನ ಕಥೆ ನನಗೇ ತಿರುಗಿಸಿದ್ರಲ್ಲ! ಎಸರ್‌ಹದ್ದೋನ್ ಜೋಯಿಸ್ರೆಲ್ಲ ನಿಮ್ಮ ಮುಂದೆ ಏನೂ ಇಲ್ಲ."

ರೇಡಿಯೋದ ಮಾತು ಹೇಳಿದೆ. ಕೇಳಿಸಿಕೊಂಡಿದ್ದೂ ಹೇಳದೆ ಎಕ್ಸ್‌ರೇ ಕೊಟ್ಟೆ ಎಂದೆ.

ನಗು ನಿಂತಿತು. ಹೊಲದ ಕಡೆ ತಿರುಗಿದರು. "ನಾನೂ ಮೇಷ್ಟ್ರಲ್ವಾ, ನನಗೂ ಗೊತ್ತಿರ್ಬೇಕಿತ್ತು. ಕಣ್ಣು ನಂದು, ನೋಡ್ದೋನು ನಾನು," ಎಂದರು. ಕ್ಷಮಿಸಿಬಿಟ್ಟರು ಎಂದುಕೊಂಡೆ. ನನ್ನ ಮೈ ಹಗುರವಾಗತೊಡಗಿತ್ತು, ಆಗ ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು.

"ಅಲ್ಲ, ಒಂದ್ ಮಾತು. ಅಂಗಾರೆ ಅವತ್ತು ಒಳಗೆ ಕರ್ದು ಮಣೆ ಮ್ಯಾಲೆ ಕೂರ್ಸಿದ್ದು... ಪಂಚೆ ಕೊಟ್ಟಿದ್ದು... ಅದು ಅಬ್ಬಕ್ಕೆ ಅಂತ ಅಲ್ವಾ?"

ಹೌದು, ಅದೂ ಇತ್ತು ಎಂದು ಹೇಳಬಹುದಿತ್ತು. ಅಷ್ಟು ಹೇಳಿದ್ದರೆ ಅವರಿಗೆ ಸಾಕಾಗುತ್ತಿತ್ತು. ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲವೇನೋ — ಒಬ್ಬಟ್ಟಿಗೆ ತುಪ್ಪ ಹಾಕುವಾಗ ಒಂದು ಗಳಿಗೆ ಅವರು ನನ್ನ ತಮ್ಮನೇ ಎನಿಸಿರಲಿಲ್ಲವೇ? ಎನಿಸಿತ್ತೇ? ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಅವರ ಕೈಗೆ ಇನ್ನೊಮ್ಮೆ ಧಾರೆಯೆರೆಯಲಾರೆ ಎನಿಸಿತು.

"ಅಲ್ಲ," ಎಂದೆ.

ಅವರು ತಲೆಯಾಡಿಸಿದರು. ಪೇಪರನ್ನು ನಾಲ್ಕು ಮಡಿಕೆ ಮಾಡಿ, ಮತ್ತೆ ಬಿಚ್ಚಿ, ಮತ್ತೆ ಮಡಿಸಿದರು. ಕಣ್ಣು ಹೋದ ವಿಷಯಕ್ಕೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಬಾಡದಿದ್ದ ಮುಖ ಅದು.

ಸಾವಿತ್ರಮ್ಮ ಕಾಫಿ ತಂದರು, ಕುಡಿದೆ. ನಾಗಮಂಗಲದ ರಸ್ತೆಯವರೆಗೆ ಮೇಷ್ಟ್ರೇ ಜೊತೆಗೆ ನಡೆದು ಬಂದರು. ಬಸ್ಸು ಬಂದಾಗ ಕಂಡಕ್ಟರಿಗೆ ಹೇಳಿ ಮುಂದಿನ ಸೀಟು ಬಿಡಿಸಿಕೊಟ್ಟರು. ಯಾವ ಮರ್ಯಾದೆಗೂ ಕಡಿಮೆ ಮಾಡಲಿಲ್ಲ. "ಉಸಾರಾಗಿ ಓಗ್ಬನ್ನಿ, ಅಮ್ಮಾವ್ರೆ. ರಾಯರಿಗೆ ಕೇಳ್ದೆ ಅನ್ನಿ," ಎಂದರು.

ಅಮ್ಮಾವ್ರೆ. ಅಂಗಡಿಯವರು, ತರಕಾರಿಯವರು ನನ್ನನ್ನು ಹಾಗೆಯೇ ಕರೆಯುತ್ತಾರೆ.

ಅವರ ಕಣ್ಣು ನನ್ನ ಗ್ರಹಣದಿಂದ ಹೋಯಿತೋ, ನನ್ನ ಎಕ್ಸ್‌ರೇ ಹಾಳೆಯಿಂದ ಹೋಯಿತೋ, ಅವರ ಅಜಾಗರೂಕತೆಯಿಂದಲೋ — ಅದು ನನಗೆ ಇನ್ನೂ ಬಗೆಹರಿದಿಲ್ಲ, ಬಗೆಹರಿಯುವುದೂ ಇಲ್ಲ. ಆದರೆ ನಾನು ಅವರಿಗೆ ಮಾಡಿದ್ದು ಏನು ಎಂಬುದನ್ನು ಆ ದಿನ ಹಟ್ಟಿಯ ಮುಂದೆ ನೋಡಿದೆ. ಅದಕ್ಕೆ ಪಂಚಾಂಗ ಬೇಕಾಗಿಲ್ಲ.

ಇವರಿಗೆ ಇನ್ನೂ ಹೇಳಿಲ್ಲ. ಇವರ ಹೆಸರು, ಇವರ ನಕ್ಷತ್ರ ಹೇಳಿಯೇ ನಾನು ಅದನ್ನು ಮಾಡಿದ್ದು, ಇವರ ಗೆಳೆಯನಿಗೇ ಮಾಡಿದ್ದು. ಈ ದೀಪಾವಳಿಗೆ ಮೇಷ್ಟ್ರು ಬರುವುದಿಲ್ಲ. ಯಾಕೆ ಬರಲಿಲ್ಲ ಎಂದು ಇವರು ಬಾಗಿಲಲ್ಲಿ ನಿಂತು ಬಸ್ಸಿನ ಹೊತ್ತು ನೋಡುತ್ತಾರೆ. ಅಲ್ಲಿಯವರೆಗೆ ಕಾಯಬಾರದು. ಇವತ್ತು ಕಚೇರಿಯಿಂದ ಬಂದು, ಕೈಕಾಲು ತೊಳೆದು, ಆ ಮಣೆಯ ಮೇಲೆ ಕೂರುವ ಮುಂಚೆಯೇ ಹೇಳಬೇಕು. ಹೇಳಿದ ಮೇಲೆ ಕೂರುತ್ತಾರೋ ಇಲ್ಲವೋ, ಅದು ಇವರಿಗೆ ಬಿಟ್ಟದ್ದು.